ಪೆನ್ಸಿಲಿನಲ್ಲಿ ಬರೆದ ಬೆಲೆ

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಟೇಪು. ಎದುರಿಗೆ ಸಿಕ್ಕರೆ ‘ಸಾರ್’ ಅನ್ನುತ್ತಿದ್ದರು, ಬೆನ್ನು ತಿರುಗಿಸಿದ ಕೂಡಲೇ ‘ಟೇಪು ಹೋಯ್ತು ನೋಡು’. ಅವನಿಗೂ ಗೊತ್ತಿತ್ತು, ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮೂವತ್ತು ಮೀಟರಿನ ಉಕ್ಕಿನ ಟೇಪು, ಅದಕ್ಕೊಂದು ಚರ್ಮದ ಡಬ್ಬಿ, ಸುತ್ತುವುದಕ್ಕೊಂದು ಹಿತ್ತಾಳೆಯ ಹಿಡಿ. ಇಪ್ಪತ್ತೆಂಟು ವರ್ಷ ಅವನ ಸಂಸಾರ ನಡೆದದ್ದು ಅದರಿಂದಲೇ. ಯಾರಾದರೂ ಮನೆ ಅಡ ಇಟ್ಟು ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಆ ಮನೆಯನ್ನು ಅಳೆದು ನೋಡಿ, ಇದು ಇಷ್ಟು ಬಾಳುತ್ತದೆ ಎಂದು ಬರೆದುಕೊಡುವುದು ಅವನ ಕೆಲಸ. ಅವನು ಬರೆದದ್ದನ್ನು ನೋಡಿ ಬ್ಯಾಂಕು ಸಾಲ ಕೊಡುತ್ತಿತ್ತು. ಹಾಗೆ ಬರೆದು ಬರೆದೇ ಕೊನೆಗೆ ನನ್ನ ಮನೆಯನ್ನು ಹರಾಜಿಗೆ ತಂದು ನಿಲ್ಲಿಸಿದ. ಒಡಹುಟ್ಟಿದವನು ಎಂದು ಮುಚ್ಚಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಹೇಳಿಯೇ ಬಿಡುತ್ತೇನೆ.

ಮೊದಲು ಅವನ ಒಳ್ಳೆಯ ಗುಣ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಚಿಕ್ಕವರಿದ್ದಾಗ ಬಾಗಿಲ ಚೌಕಟ್ಟಿಗೆ ನನ್ನನ್ನು ನಿಲ್ಲಿಸಿ, ತಲೆಯ ಮೇಲೆ ಸ್ಕೇಲು ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ನಾನು ತುದಿಗಾಲಲ್ಲಿ ನಿಲ್ಲುತ್ತಿದ್ದೆ.

“ಹಿಮ್ಮಡಿ ಇಳಿಸೇ ಕುಳ್ಳಿ.”

“ಒಂದು ಬೆರಳು ಜಾಸ್ತಿ ಹಾಕಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ನಿಮ್ಮಪ್ಪನೂ ಅವನೇ ಅಲ್ವೇನೇ! ಉದ್ದ ಆಗ್ಬೇಕಿದ್ರೆ ಬೆಳಿ. ನಾನು ಬರೆದ್ರೆ ನೀನು ಬೆಳೆಯಲ್ಲ.”

ನಾನು ಮನೆಯೆಲ್ಲ ಕೇಳುವಂತೆ ಅಳುತ್ತಿದ್ದೆ. ಅವನು ಕೂದಲೆಳೆಯಷ್ಟೂ ಮೇಲೆ ಹಾಕುತ್ತಿರಲಿಲ್ಲ. ದೊಡ್ಡವನಾಗಿ ಈ ಕೆಲಸಕ್ಕೆ ಸೇರಿದ ಮೇಲೂ ಹಾಗೇ ಇದ್ದ. ಔಷಧಿ ಅಂಗಡಿಯವರು ತಮ್ಮ ಮನೆಗೆ ಎರಡು ಲಕ್ಷ ಏರಿಸಿ ಬರೆಯಲಿ ಎಂದು ಕೈಗಡಿಯಾರ ಕಳಿಸಿದರೆ, ಅದನ್ನು ಡಬ್ಬಿ ಸಮೇತ ಅವರ ಗಲ್ಲೆಯ ಮೇಲೆ ಇಟ್ಟು ಬಂದ. ರಜೆಯ ದಿನ ನಾನೂ ಅವನ ಜೊತೆ ಹೋಗುತ್ತಿದ್ದೆ. ಟೇಪಿನ ಒಂದು ತುದಿಯನ್ನು ಯಾರಾದರೂ ಗೋಡೆಗೆ ಒತ್ತಿ ಹಿಡಿಯಬೇಕಲ್ಲ. “ಸೊನ್ನೆ ಕಡೆ ಹಿಡ್ಕೋ” ಎನ್ನುತ್ತಿದ್ದ. ನಾನು ಹಿಡಿದುಕೊಂಡರೆ ಅವನು ಹಿಂದೆ ಹಿಂದೆ ನಡೆಯುತ್ತಾ ಇನ್ನೊಂದು ಗೋಡೆ ಮುಟ್ಟುತ್ತಿದ್ದ.

ಆಮೇಲೆ ಬ್ಯಾಂಕಿಗೆ ಹೊಸ ಮ್ಯಾನೇಜರ್ ಬಂದರು. ನಗುಮುಖದವರು, ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಅವರ ಕಾಲದಲ್ಲಿ ಒಂದು ಪದ್ಧತಿ ಶುರುವಾಯಿತು. ಅಣ್ಣನ ಕೈಗೆ ಬರುವ ಫೈಲಿನ ಬಲಗಡೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಅಂಕಿ ಇರುತ್ತಿತ್ತು, ಇರುವೆಯಷ್ಟು ಸಣ್ಣದು. ಸಾಲ ಕೇಳಿದವರಿಗೆ ಅಷ್ಟು ಸಾಲ ಸಿಗಬೇಕಾದರೆ ಮನೆಯ ಬೆಲೆ ಎಷ್ಟಿರಬೇಕೋ ಆ ಅಂಕಿ ಅದು. ಯಾರೂ ಅದರ ಬಗ್ಗೆ ಬಾಯಿ ಬಿಡುವಂತಿಲ್ಲ. ಬೆಲೆ ಕಟ್ಟುವವನು ಅದನ್ನು ನೋಡಿಕೊಂಡು, ಅಳೆದು, ಅಲ್ಲಿಗೆ ಮುಟ್ಟಿಸಿ, ಶಾಯಿಯಲ್ಲಿ ಸಹಿ ಹಾಕಿ, ಮೂಲೆಯ ಅಂಕಿಯನ್ನು ರಬ್ಬರಿನಿಂದ ಅಳಿಸಿ ವಾಪಸು ಕೊಡಬೇಕು.

ಆಗ ನಮ್ಮ ಬೀದಿಯ ಮೂಲೆ ಮನೆ ಹದಿನಾರು ಲಕ್ಷಕ್ಕೆ ಮಾರಾಟವಾಗಿತ್ತು. ಅದರ ಪಕ್ಕದ ಮನೆಯ ಫೈಲು ಬಂತು, ಪೆನ್ಸಿಲಿನಲ್ಲಿ ಹದಿನೆಂಟು ಎಂದಿತ್ತು. ಅಣ್ಣ ಹದಿನಾರೇ ಬರೆದ. ಮುಂದಿನ ಮೂರು ವಾರ ಅವನಿಗೆ ಒಂದೂ ಫೈಲು ಬರಲಿಲ್ಲ. ಎಲ್ಲವೂ ಈ ಊರಿನ ಇನ್ನೊಬ್ಬ ಬೆಲೆ ಕಟ್ಟುವವರಿಗೆ ಹೋದವು. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ ಅವರನ್ನು ನಾವು ಕನ್ನಡಕದವರು ಅನ್ನುತ್ತಿದ್ದೆವು. ಅತ್ತಿಗೆ ಅಕ್ಕಿ ಡಬ್ಬದ ತಳ ಕೆರೆದು ಸದ್ದು ಮಾಡಿ ತೋರಿಸಿದರು. ನಾಲ್ಕನೇ ವಾರ ಅದೇ ಫೈಲು ಮತ್ತೆ ಬಂತು, ಅಣ್ಣ ಹದಿನೆಂಟು ಬರೆದ.

ಬೆಲೆ ಬರೆಯುವಾಗ ಅಕ್ಕಪಕ್ಕದ ಮೂರು ಮನೆಗಳ ಲೆಕ್ಕ ತೋರಿಸಬೇಕಂತೆ. ಮುಂದಿನ ಮನೆಗೆ ಕನ್ನಡಕದವರು ಅಣ್ಣನ ಹದಿನೆಂಟನ್ನು ತೋರಿಸಿ ಇಪ್ಪತ್ತೊಂದು ಬರೆದರು. ಅಣ್ಣ ಅವರ ಇಪ್ಪತ್ತೊಂದನ್ನು ತೋರಿಸಿ ಇಪ್ಪತ್ತೈದು ಬರೆದ. ಬೆಲೆ ಏರಿತು ಎಂದು ಬ್ಯಾಂಕು ಇನ್ನೂ ಸಾಲ ಕೊಟ್ಟಿತು, ಸಾಲ ಸಿಕ್ಕಿತು ಎಂದು ಜನ ಕೇಳಿದಷ್ಟು ಕೊಟ್ಟು ಮನೆ ಕೊಂಡರು. ಐದು ವರ್ಷದಲ್ಲಿ ನಮ್ಮ ಬೀದಿಯ ಮನೆ ನಲವತ್ತಕ್ಕೆ ಬಂದು ನಿಂತಿತು. ಒಂದು ಮನೆಗಾದರೂ ಒಂದು ಇಟ್ಟಿಗೆ ಹೆಚ್ಚಿಗೆ ಬಿದ್ದಿರಲಿಲ್ಲ.

ಊರಿಗೆ ಸುಳ್ಳು ಹೇಳಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಆ ಮಹಾನುಭಾವ ತಾನು ಬರೆದದ್ದನ್ನು ತಾನೇ ನಂಬಿಬಿಟ್ಟ! ಆ ಅಂಕಿ ಯಾರ ಪೆನ್ಸಿಲಿನಿಂದ ಹುಟ್ಟಿತು ಎನ್ನುವುದೇ ಅವನಿಗೆ ಮರೆತುಹೋಯಿತು. ತನ್ನ ಮನೆ ಅಡ ಇಟ್ಟು, ಊರಾಚೆ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ ಎರಡು ಫ್ಲಾಟಿಗೆ ಮುಂಗಡ ಕಟ್ಟಿದ. ಆಮೇಲೆ ನನ್ನ ಹಿಂದೆ ಬಿದ್ದ.

ನನ್ನದು ಎರಡು ಕೋಣೆ, ಮುಂದೊಂದು ಹಜಾರ. ಗಂಡ ಬಿಟ್ಟುಹೋದ ಮೇಲೆ ಇಪ್ಪತ್ತು ವರ್ಷ ಹೊಲಿಗೆ ಮಷಿನ್ ತುಳಿದು ಕಟ್ಟಿದ ಮನೆ, ಒಂದು ಪೈಸೆ ಸಾಲವಿರಲಿಲ್ಲ. ಹಜಾರದಲ್ಲಿ ನಾಲ್ಕು ಮಷಿನ್ ಹಾಕಿಕೊಂಡು ಕಾರ್ಖಾನೆಯವರ ಯೂನಿಫಾರಂ ಹೊಲಿಯುತ್ತಿದ್ದೆ. ಒಂದು ಬೆಳಗ್ಗೆ ಅಣ್ಣ ಬಂದವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ ಕೂತ.

“ನಲವತ್ತು ಲಕ್ಷದ ಮೇಲೆ ಕೂತ್ಕೊಂಡು ಗುಂಡಿ ಹೊಲೀತಿದ್ಯಲ್ಲೇ ಕುಳ್ಳಿ!”

“ನಾನು ಕೂತಿರೋದು ಸ್ಟೂಲ್ ಮೇಲೆ. ನೀನು ಮೇಜಿಂದ ಇಳಿ, ಬಟ್ಟೆ ಸುಕ್ಕಾಗುತ್ತೆ.”

“ತಮಾಷೆ ಅಲ್ಲ ಕಣೇ. ಆ ಕಟ್ಟಡದ ಬಿಲ್ಡರ್‌ಗೆ ಎರಡು ಸಾವಿರ ಜೊತೆ ಯೂನಿಫಾರಂ ಬೇಕಂತೆ, ವರ್ಷಾ ವರ್ಷಾ. ಹನ್ನೆರಡು ಮಷಿನ್ ಹಾಕು. ಈ ಮನೆ ಮೇಲೆ ಬ್ಯಾಂಕಿನವ್ರು ಇಪ್ಪತ್ತೆಂಟು ಲಕ್ಷ ಕಣ್ಣು ಮುಚ್ಚಿ ಕೊಡ್ತಾರೆ.”

“ತೀರಿಸೋಕಾಗದಿದ್ರೆ?”

“ಮಾರಿದ್ರೂ ಸಾಲ ತೀರಿ ಹನ್ನೆರಡು ಉಳಿಯುತ್ತಲ್ಲೇ!”

ನನಗೂ ಆಸೆಯಾಯಿತು. ಎಲ್ಲವನ್ನೂ ಅವನ ತಲೆಗೆ ಕಟ್ಟಿ ನಾನು ಸಾಚಾ ಆಗುವುದಿಲ್ಲ. ಬಾಗಿಲಿಗೆ ಬಣ್ಣದ ಬೋರ್ಡು ಹಾಕಿಸುವ ಕನಸನ್ನು ಅವತ್ತೇ ಕಂಡೆ. ಸಂಬಂಧಿಕರ ಮನೆಗೆ ತಾನೇ ಬೆಲೆ ಕಟ್ಟುವಂತಿಲ್ಲ ಎಂಬ ನಿಯಮವಿತ್ತು. ಅಣ್ಣ ಅಳೆದ, ಕನ್ನಡಕದವರು ನಲವತ್ತು ಎಂದು ಸಹಿ ಹಾಕಿದರು. ನಾನು ಸೊನ್ನೆ ಕಡೆ ಹಿಡಿದುಕೊಂಡು, ಚಿಕ್ಕ ಹುಡುಗಿಯ ಹಾಗೆ ಕಿಸಿಕಿಸಿ ನಗುತ್ತಾ ಗೋಡೆಯಿಂದ ಗೋಡೆಗೆ ಓಡಾಡಿದೆ.

ಹದಿನಾಲ್ಕು ತಿಂಗಳು ಕಂತು ತಪ್ಪಿಸಲಿಲ್ಲ. ಹದಿನೈದನೆಯ ತಿಂಗಳು ಬಿಲ್ಡರ್ ಕೈಯೆತ್ತಿದ. ಅವನು ಹಳೆ ಸಾಲದ ಬಡ್ಡಿಯನ್ನು ಹೊಸ ಸಾಲ ತಂದು ಕಟ್ಟುತ್ತಿದ್ದನಂತೆ. ಫ್ಲಾಟುಗಳು ಮಾರಾಟವಾಗದೆ ಉಳಿದವು, ಬ್ಯಾಂಕು ಮುಂದಿನ ಸಾಲ ಕೊಡಲಿಲ್ಲ, ಅಲ್ಲಿಗೆ ಮುಗಿಯಿತು. ಊರಾಚೆ ಕ್ರೇನುಗಳು ನಿಂತಲ್ಲೇ ನಿಂತವು. ಹೊಲಿದಿಟ್ಟ ಎಂಟುನೂರು ನೀಲಿ ಅಂಗಿ ನನ್ನ ಹಜಾರದಲ್ಲೇ ಉಳಿದವು. ಜೇಬಿನ ಮೇಲೆ ಕಂಪನಿಯ ಹೆಸರಿದ್ದ ಅಂಗಿಯನ್ನು ಪುಕ್ಕಟೆ ಕೊಟ್ಟರೂ ಯಾರು ಹಾಕಿಕೊಳ್ಳುತ್ತಾರೆ?

ಬಿಲ್ಡರ್ ಮುಳುಗಿದ ಭಯಕ್ಕೆ ಬ್ಯಾಂಕು ಎಲ್ಲರಿಗೂ ಸಾಲ ನಿಲ್ಲಿಸಿತು. ಸಂಬಳ ನಿಂತವರು ಕಂತು ಕಟ್ಟಲಾಗದೆ ಮನೆ ಮಾರಲು ಹೊರಟರು. ನಮ್ಮ ಒಂದೇ ಬೀದಿಯಲ್ಲಿ ಹನ್ನೊಂದು ಗೇಟಿಗೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ಬಿತ್ತು. ಕೊಳ್ಳುವವರು ಎಲ್ಲಿಂದ ಬರಬೇಕು? ಇಷ್ಟು ದಿನ ಕೊಂಡವರೆಲ್ಲ ಸಾಲದಲ್ಲೇ ಕೊಂಡವರು. ಮೂಲೆ ಮನೆಯವರು ನಲವತ್ತು ಕೇಳಿದರು, ಮೂವತ್ತು ಕೇಳಿದರು, ಇಪ್ಪತ್ತು ಅಂದಾಗ ಒಬ್ಬರು ಬಂದು ಹೊರಗಿನಿಂದಲೇ ನೋಡಿಕೊಂಡು ಹೋದರು. ಕನ್ನಡಕದವರು ಒಂದು ದಿನ ಆಫೀಸಿಗೆ ಬೀಗ ಹಾಕಿದವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅಣ್ಣನ ಫ್ಲಾಟುಗಳು ಎಂದರೆ ಕಂಬಗಳು ಮತ್ತು ಅವುಗಳಿಂದ ಹೊರಗೆ ಚಾಚಿದ ಕಬ್ಬಿಣದ ಸರಳುಗಳು. ಅವನ ಮನೆ ಮೊದಲು ಹೋಯಿತು. ಅವನೂ ಅತ್ತಿಗೆಯೂ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಗೆ ಬಂದರು.

ನಾನು ಏಳು ಕಂತು ತಪ್ಪಿಸಿದೆ. ಹರಾಜಿನ ನೋಟಿಸು ಬಂತು. ಹರಾಜಿಗೆ ಮೊದಲು ಮನೆಗೆ ಹೊಸದಾಗಿ ಬೆಲೆ ಕಟ್ಟಬೇಕು, ಆ ಬೆಲೆಗಿಂತ ಕಡಿಮೆಗೆ ಕೂಗುವಂತಿಲ್ಲ. ಊರಿನಲ್ಲಿ ಉಳಿದಿದ್ದವನು ಅಣ್ಣನೊಬ್ಬನೇ. ತಂಗಿಯ ಮನೆ, ನನ್ನಿಂದಾಗದು ಎಂದನಂತೆ. ಮ್ಯಾನೇಜರ್ ಅದೇ ನಗುಮುಖದಲ್ಲಿ, “ಮೊದಲ ಸಲ ಅಳೆದೋರು ಯಾರು ಅಂತ ನಂಗೆ ಗೊತ್ತಿಲ್ವಾ ಸಾರ್?” ಅಂದರಂತೆ.

ಅಣ್ಣ ಬಂದಾಗ ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಕೈಯಿಂದ ಫೈಲು ಕಸಿದು ನೋಡಿದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಹದಿನಾಲ್ಕು. ಆದಷ್ಟು ಬೇಗ ಮಾರಿ ಕೈತೊಳೆದುಕೊಳ್ಳಬೇಕಿತ್ತು ಅವರಿಗೆ.

“ನಲವತ್ತು ಬರೆ” ಎಂದೆ. “ಅವತ್ತು ಬರೆದಿದ್ದೇ ಬರೆ. ಆ ಬೆಲೆಗೆ ಯಾರೂ ಕೂಗಲ್ಲ. ನಂಗೆ ಸ್ವಲ್ಪ ದಿನ ಸಿಗುತ್ತೆ, ಮನೆ ಉಳಿಯುತ್ತೆ.”

“ಹದಿನಾರು ಕಣೇ ಇದು.”

“ಊರಿಗೆಲ್ಲಾ ಬರೆದುಕೊಟ್ಟೆ. ಒಡಹುಟ್ಟಿದವಳಿಗೆ ಬರೆಯೋಕೆ ಕೈ ಬರಲ್ವಾ ನಿಂಗೆ?”

“ಬರೀಬಹುದು. ಮನೆ ಉಳಿಯುತ್ತೆ, ಬಡ್ಡೀನೂ ಉಳಿಯುತ್ತೆ. ಇನ್ನೊಂದು ವರ್ಷಕ್ಕೆ ನಿನ್ನ ಸಾಲ ಮೂವತ್ತೈದಾಗುತ್ತೆ. ಆಗ ಇದು ಹದಿನಾಲ್ಕಕ್ಕೂ ಹೋಗಲ್ಲ. ನಾನು ಬರೆದ್ರೆ ಬೆಳೆಯಲ್ಲ ಕುಳ್ಳಿ.”

ಮೈಯೆಲ್ಲ ಉರಿದುಹೋಯಿತು. ಫೈಲನ್ನು ಅವನ ಎದೆಗೆ ಎಸೆದೆ.

“ಈ ಮಾತು ಅವತ್ತು ಎಲ್ಲಿ ಸತ್ತಿತ್ತು? ಈ ಮೇಜಿನ ಮೇಲೆ ಕೂತ್ಕೊಂಡು ಹಲ್ಲು ಕಿರಿದ್ಯಲ್ಲ, ಅವತ್ತು?”

ಅವನು ಬಗ್ಗಿ ಒಂದೊಂದೇ ಹಾಳೆ ಆರಿಸಿಕೊಂಡ.

“ಅವತ್ತೂ ಗೊತ್ತಿತ್ತು ಅಂದ್ರೆ ನಾನು ಕಳ್ಳ. ಗೊತ್ತಿರಲಿಲ್ಲ ಅಂದ್ರೆ ದಡ್ಡ. ಎರಡೂ ಹೌದು ಅನ್ಸುತ್ತೆ.” ಆಮೇಲೆ ಚರ್ಮದ ಡಬ್ಬಿಯಿಂದ ಟೇಪಿನ ತುದಿ ಎಳೆದು ನನ್ನ ಕಡೆ ಚಾಚಿದ. “ಸೊನ್ನೆ ಕಡೆ ಹಿಡ್ಕೋತೀಯಾ? ನನ್ನ ಜೊತೆ ಬೇರೆ ಯಾರೂ ಬಂದಿಲ್ಲ.”

ಹಿಡಿದುಕೊಂಡೆ. ಏಕೆ ಎಂದು ಇವತ್ತಿಗೂ ನನಗೆ ತಿಳಿಯದು. ನನ್ನದೇ ಗೋಡೆಗೆ ಟೇಪು ಒತ್ತಿ ಹಿಡಿದು ನಿಂತೆ, ಅವನು ಹಿಂದೆ ಹಿಂದೆ ನಡೆದ. ಅಡುಗೆಮನೆ, ಮಲಗುವ ಕೋಣೆ. ಹಜಾರದಲ್ಲಿ ಗೋಡೆ ಮುಟ್ಟಲು ನೀಲಿ ಅಂಗಿಗಳ ರಾಶಿ ಅಡ್ಡ ಬಂತು, ಇಬ್ಬರೂ ಸೇರಿ ಸರಿಸಿದೆವು. ನಾನು ಅಳುತ್ತಲೇ ಇದ್ದೆ, ಅವನು ಬರೆಯುತ್ತಲೇ ಇದ್ದ. ಕೊನೆಗೆ ಹದಿನಾರು ಎಂದು ಶಾಯಿಯಲ್ಲಿ ಬರೆದು ಸಹಿ ಹಾಕಿದ. ಮೂಲೆಯ ಹದಿನಾಲ್ಕನ್ನು ಅಳಿಸಲಿಲ್ಲ, ಹಾಗೇ ಬಿಟ್ಟು ವಾಪಸು ಕೊಟ್ಟ. ಆಮೇಲೆ ಅವನಿಗೆ ಬ್ಯಾಂಕಿನಿಂದ ಒಂದೂ ಫೈಲು ಬರಲಿಲ್ಲ.

ಹರಾಜಿನ ಮೊದಲ ದಿನವೇ ಮನೆ ಹದಿನಾರಕ್ಕೆ ಹೋಯಿತು. ಹೊಸ ಮಷಿನುಗಳನ್ನೂ ಬ್ಯಾಂಕಿನವರೇ ಎತ್ತಿಕೊಂಡು ಹೋದರು. ಅದೆಲ್ಲ ಕಳೆದು ಇನ್ನೂ ಹತ್ತು ಲಕ್ಷ ಚಿಲ್ಲರೆ ನನ್ನ ತಲೆಯ ಮೇಲೆ ಉಳಿಯಿತು. ಈಗ ನಾನು ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಹೊಲಿಯುತ್ತೇನೆ. ಅಣ್ಣ ಗುಜರಿ ಅಂಗಡಿಯಲ್ಲಿ ಕಬ್ಬಿಣ ತೂಗುತ್ತಾನೆ. ಅಲ್ಲಿಗೆ ಬರುವ ಸರಳುಗಳಲ್ಲಿ ಅವನ ಫ್ಲಾಟಿನವೂ ಇರುತ್ತವೆ. ಪ್ರತಿ ತಿಂಗಳ ಒಂದನೇ ತಾರೀಕು ನನ್ನ ಬಾಡಿಗೆ ಕೋಣೆಗೆ ಬಂದು, ಸಾಲಕ್ಕೆಂದು ತನ್ನ ಪಾಲಿನ ದುಡ್ಡನ್ನು ಕಿಟಕಿಯ ಮೇಲಿಟ್ಟು ಹೋಗುತ್ತಾನೆ. ಎರಡು ವರ್ಷ ನಾನು ಅವನಿಗೆ ಕೂತ್ಕೋ ಎಂದಿರಲಿಲ್ಲ.

ಹೋದ ತಿಂಗಳು ಹಳೆಯ ಬೀದಿಯಲ್ಲಿ ಹಾದುಹೋಗಬೇಕಾಯಿತು. ನನ್ನ ಮನೆಯ ಮುಂದೆ, ಕೊರಳಿಗೆ ಬ್ಯಾಂಕಿನ ಕಾರ್ಡು ಹಾಕಿಕೊಂಡ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರು ಕಾಂಪೌಂಡಿನ ಉದ್ದಕ್ಕೆ ಒಬ್ಬರೇ ಟೇಪು ಎಳೆಯಲು ಹೆಣಗುತ್ತಿದ್ದರು.

“ಅಮ್ಮಾ, ಒಂದು ನಿಮಿಷ ಈ ತುದಿ ಹಿಡ್ಕೋತೀರಾ?”

“ಯಾಕೆ ಅಳೀತಿದ್ದೀರಿ?”

“ಇವರು ಸಾಲಕ್ಕೆ ಹಾಕಿದಾರೆ. ಬ್ಯಾಂಕಲ್ಲಿ ಮತ್ತೆ ಕೊಡ್ತಿದಾರಲ್ಲ ಈಗ.”

ಗೇಟಿನ ಕಂಬದ ಮೇಲೆ ಫೈಲು ಇತ್ತು. ನೋಡಬಾರದು ಅಂದುಕೊಂಡೇ ನೋಡಿದೆ. ಬಲಗಡೆಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಂಕಿ, ಹತ್ತೊಂಬತ್ತು. ನಾನು ಟೇಪು ಹಿಡಿಯಲಿಲ್ಲ. ಅವರು ಏನೋ ಗೊಣಗಿದರು, ನಾನು ತಿರುಗಿ ನೋಡದೆ ಬಂದೆ.

ಒಂದನೇ ತಾರೀಕು ಅಣ್ಣ ಬಂದ. ತುಕ್ಕು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ದುಡ್ಡನ್ನು ಕಿಟಕಿಯ ಮೇಲಿಟ್ಟ.

“ನಮ್ಮನೆಗೆ ಹತ್ತೊಂಬತ್ತಂತೆ” ಎಂದೆ.

“ಪೆನ್ಸಿಲಲ್ಲಾ?”

“ಪೆನ್ಸಿಲಲ್ಲೇ.”

ಅವನು ಗೋಡೆ ಹಿಡಿದುಕೊಂಡು ಹಾಗೇ ನೆಲದ ಮೇಲೆ ಕುಸಿದು ಕೂತ. ನನ್ನ ಅಣ್ಣ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಒಂದು ಲೋಟ ನೀರು ತಂದುಕೊಟ್ಟು, ಅವನ ಪಕ್ಕದಲ್ಲಿ ಕೂತೆ.