ಅಮಾವಾಸ್ಯೆ ಗೊತ್ತಿಲ್ಲದ ವ್ಯಾಪಾರ

ಆಳಂದದ ನನ್ನ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಡಾಲರ್ ಕೊಂಡು ಮಾರುತ್ತಿದ್ದೆ. ಸಿಟ್ಟು, ಅವಸರ ಎರಡೂ ನನಗೆ ಜಾಸ್ತಿ. ಕೈಯಾರೆ ಮಾಡಿದ್ದೆಲ್ಲ ಕೆಡುತ್ತಿತ್ತು. ಕಡೆಗೆ ಆ ಕೆಲಸವನ್ನು ತಾನೇ ಕೊಂಡು ಮಾರುವ ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಒಪ್ಪಿಸಿದೆ. ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು, ಎಲ್ಲ ಹೇಳಿಕೊಟ್ಟೆ. ಅಮಾವಾಸ್ಯೆಗೆ ವ್ಯಾಪಾರ ಮಾಡಬಾರದು ಎಂದು ಮಾತ್ರ ಹೇಳಲಿಲ್ಲ. ನಮ್ಮ ಕಡೆ ಅದನ್ನು ಯಾರಿಗಾದರೂ ಹೇಳಿಕೊಡುತ್ತಾರೆಯೇ?

ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ನಿಂಬರ್ಗಾದ ಹೊಲಕ್ಕೆ ಹೋದೆವು. ಅವ್ವ ಜೋಳದ ಬೆಳೆಗೆ ಭೂತಾಯಿಯ ನೈವೇದ್ಯದ ಚರಗ ಚೆಲ್ಲಿ ಬಂದು ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಬಡಿಸಿದಳು. ಮೊದಲ ತುತ್ತಿಗೇ ಕಿಸೆಯಲ್ಲಿ ಮೊಬೈಲ್ ನಡುಗಿತು. ಡಾಲರ್ ಕೊಂಡಾಗಿದೆ ಎಂಬ ಸಂದೇಶ. ಸ್ವಲ್ಪ ಹೊತ್ತಿಗೆ ಮತ್ತೊಂದು. ದರ ಇಳಿದಂತೆಲ್ಲ ಅದು ಕೊಳ್ಳುತ್ತಲೇ ಇತ್ತು. ಸಂದೇಶ ಬರುವಷ್ಟು ಸಿಗ್ನಲ್ ಇತ್ತು, ನಿಲ್ಲಿಸುವಷ್ಟು ಇಂಟರ್‌ನೆಟ್ ಇರಲಿಲ್ಲ. ಬದುವಿನ ಮೇಲೆ ಹತ್ತಿ ಮೊಬೈಲ್ ಎತ್ತಿ ಹಿಡಿದೆ. ಪರದೆಯಲ್ಲಿ ಆ ಹಾಳಾದ ಚಕ್ರ ಸುತ್ತುತ್ತಲೇ ಇತ್ತು.

ಅಪ್ಪ ರೇಗಿದ: "ಉಣ್ಣೂ ಹೊತ್ತಿನ್ಯಾಗ ಏನ್ಲೇ ನಿಂದು? ಇವತ್ತ ಎತ್ತಿಗೂ ಸೂಟಿ ಅದ."

"ವ್ಯಾಪಾರ ನಡದೇ ಅದಪಾ, ನಿಂದರಸಾಕ ಆಗವಲ್ದು," ಎಂದೆ.

ಅವ್ವನ ಕೈ ರೊಟ್ಟಿ ಬುಟ್ಟಿಯಲ್ಲೇ ನಿಂತಿತು. "ನಿನ್ನ ವ್ಯಾಪಾರ ನೋಡಾಂವ ಅಮಾಸಿ ದಿನಾನೂ ದುಡ್ಯಾಕತ್ತಾನಂದ್ರ ಅಂವಗ ಮನಿಮಂದಿ ಇಲ್ಲೇನು? ಪಾಪ, ಇಲ್ಲಿಗೇ ಕರಿ. ಎರಡ್ ರೊಟ್ಟಿ ತಿಂದು ಹೋಗ್ಲಿ."

"ಅಲ್ಲಿ ಯಾರೂ ಇಲ್ಲಬೇ," ಎಂದೆ.

ಕೈಯಲ್ಲಿ ಮೊಬೈಲ್ ಮತ್ತೆ ನಡುಗಿತು. ಅವ್ವ ಆಗಲೇ ಒಂದು ತಾಟು ಬೇರೆ ತೆಗೆದಿಟ್ಟಿದ್ದಳು.