ಸೀಟಿ ಯಾಕೆ ಊದಲಿಲ್ಲ

ಬೂದಿಕೋಟೆ ಹತ್ತಿರದ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹೊಡೆಯುವ ಮುಂಚೆ ಮೂರು ಸಲ ಸೀಟಿ ಊದುವುದು ಪದ್ಧತಿ. ಆವತ್ತು ಊದಲಿಲ್ಲ. ಹಾರಿಬಂದ ಕಲ್ಲು ಕೂಲಿ ಮುನಿಯಪ್ಪನ ತಲೆ ಒಡೆಯಿತು, ಅಲ್ಲೇ ಸತ್ತ. ಅವನ ಮಗಳು ಸುಮಲತ ಆಗಷ್ಟೇ ಲಾ ಮುಗಿಸಿ ಬಂಗಾರಪೇಟೆ ಕೋರ್ಟಿನಲ್ಲಿ ವಕೀಲನಾಗಿದ್ದ ನನ್ನ ಪಕ್ಕದ ಕುರ್ಚಿಗೆ ಬಂದಿದ್ದಳು. ಅಪ್ಪನ ಕೇಸನ್ನು ತಾನೇ ನಡೆಸಿದಳು. ಮಾಲೀಕನಿಗೆ ಹಾಕಿದ್ದು ಒಂದೇ ಪ್ರಶ್ನೆ: "ಸೀಟಿ ಯಾಕೆ ಊದಲಿಲ್ಲ?"

ಅವನ ಕಡೆಯವರು ಬಸ್ ಸ್ಟ್ಯಾಂಡಿನಲ್ಲಿ ರಾಡಿನಿಂದ ಹೊಡೆದು ಅವಳ ಬಲಗೈ ಮುರಿದರು. ಎಡಗೈಯಲ್ಲಿ ಫೈಲು ಹಿಡಿದು ಬಂದಳು, ಗೆದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಹೈಕೋರ್ಟು, ಅಲ್ಲಿಂದ ದೆಹಲಿ. ಫೋನ್ ಕಂಪನಿಗಳಿಗೆ ಮೂಗುದಾರ ಹಾಕುವ ಕಚೇರಿಯಲ್ಲಿ ದೊಡ್ಡ ಅಧಿಕಾರಿಯಾದಳು. ಎಲ್ಲೇ ಗಲಭೆಯಾಗಲಿ, ಮೊಬೈಲ್ ಬಂದ್ ಮಾಡಿಸುವ ಆದೇಶಕ್ಕೆ ಅವಳದೇ ಸಹಿ.

ಮೂರು ವರ್ಷದ ಹಿಂದೆ, ಅವಳ ತಾಯಿ ಮತ್ತು ತಮ್ಮ ಇದ್ದ ಉರಿಗಾಂನಲ್ಲಿ ಎರಡು ಗುಂಪು ಮಚ್ಚು ಹಿಡಿದು ಬೀದಿಗಿಳಿದವು. ವಾಟ್ಸಾಪಿನಲ್ಲಿ ಸುಳ್ಳು ಹರಡುತ್ತಿದೆಯೆಂದು ಸುಮಲತ ಸಹಿ ಹಾಕಿದಳು. ಇಡೀ ಊರಿನ ಫೋನು ಸತ್ತಿತು. ಫ್ಯಾಕ್ಟರಿ ಶಿಫ್ಟ್ ಮುಗಿಸಿ ಮನೆಗೆ ಬರುತ್ತಿದ್ದ ಅವಳ ತಮ್ಮ ಅಂಬರೀಶನಿಗೆ ಗಲಾಟೆಯ ಸುದ್ದಿಯೇ ಗೊತ್ತಿರಲಿಲ್ಲ. ಎದುರಾದವರು ಅವನ ತೊಡೆ ಕೊಚ್ಚಿದರು. ಬಾಗಿಲವರೆಗೂ ತೆವಳಿಕೊಂಡು ಬಂದ. ತಾಯಿ ನರಸಮ್ಮ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಆಂಬುಲೆನ್ಸಿಗೆಂದು ಸತ್ತ ಫೋನನ್ನೇ ಒತ್ತುತ್ತಿದ್ದಳು. ರಕ್ತ ಹೊಸಿಲು ದಾಟಿ ಬೀದಿಗೆ ಹೋಯಿತು.

ಮಣ್ಣಿಗೆ ಬಂದ ಮಗಳನ್ನು ನರಸಮ್ಮ ಎಲ್ಲರೆದುರೇ ಕೇಳಿದಳು.

"ಒಂದು ಫೋನ್ ಓಗಿದ್ರೆ ಅವ್ನು ಆ ದಾರೀಲಿ ಬತ್ತಿರ್ಲಿಲ್ಲ. ನಿಮ್ಮಪ್ಪನ ಕೇಸಲ್ಲಿ ಕೇಳ್ದೆಯಲ್ಲಮ್ಮ, ಈಗ ನಾನು ಕೇಳ್ತೀನಿ. ಸೀಟಿ ಯಾಕೆ ಊದ್ಲಿಲ್ಲ?"

ಸುಮಲತ ಹಿಡಿ ಮಣ್ಣು ಹಾಕಿ ಕಾರು ಹತ್ತಿದಳು. ಮರುವರ್ಷ ರಾಜತಾಂತ್ರಿಕಳಾಗಿ ಜಿನೀವಾಗೆ ಹೋದಳು. ಥೂ, ಇವಳೆಂಥ ಹೆಣ್ಣು ಅಂದುಕೊಂಡೆ. ತಾಯಿ ಅವಳ ಹೆಸರೆತ್ತುವುದನ್ನೇ ಬಿಟ್ಟಳು.

ಅಲ್ಲಿ ದೇಶದೇಶಗಳವರ ಒಂದು ದೊಡ್ಡ ಸಭೆ. ಫೋನ್ ಬಂದ್‌ನಿಂದ ಒಂದು ಜೀವವೂ ಹೋಗಿಲ್ಲವೆಂದು ಓದಲು ಸರ್ಕಾರದವರು ಕೈಗೆ ಕಾಗದ ಕೊಟ್ಟಿದ್ದರು. ಅವಳು ಅದನ್ನು ಮಡಿಸಿಟ್ಟು, "ಒಂದು ಹೋಗಿದೆ. ನನ್ನ ತಮ್ಮನದು. ಸಹಿ ನನ್ನದು" ಅಂದಳಂತೆ. ಹತ್ತೇ ದಿನದಲ್ಲಿ ಕೆಲಸ ಹೋಯಿತು, ಊರಿಗೆ ವಾಪಸ್ ಬಂದಳು.

ಕಳೆದ ಸೋಮವಾರ ನನ್ನ ಆಫೀಸಿಗೆ ನರಸಮ್ಮ ಮುಂದೆ, ಸುಮಲತ ಹಿಂದೆ ಬಂದರು.

"ತಮ್ಮನ ಸಾವಿಗೆ ಅಮ್ಮನ ಕಡೆಯಿಂದ ಕೇಸ್ ಆಕ್ಬೇಕು, ಆದಿಯಣ್ಣ."

"ಯಾರ ಮೇಲಮ್ಮ?"

ಅವಳು ನನ್ನ ಮೇಜಿನ ಮೇಲಿದ್ದ ಖಾಲಿ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸೊಟ್ಟಗೆ ಕೂಡಿಕೊಂಡಿದ್ದ ಆ ಬಲಗೈಯಿಂದ, ಒಂದನೇ ಪ್ರತಿವಾದಿ ಎಂದಿರುವ ಕಡೆ ಸುಮಲತ, ಮುನಿಯಪ್ಪನ ಮಗಳು ಎಂದು ಬರೆದಳು. ನರಸಮ್ಮ ಕೆಳಗೆ ಹೆಬ್ಬೆಟ್ಟು ಒತ್ತಿದಳು.