ಶಹಾಪುರದ ನೀಲಿ ಬಳ್ಳಿ

ಹೋದ ವಾರ ನಮ್ಮ ಓಣಿಯ ಒಂದು ಮನೆಗೆ ಬಸುರಿ ಸೊಸೆಯ ಕುಬುಸಕ್ಕೆ ಹೋಗಿದ್ದೆ. ಊಟವಾದ ಮೇಲೆ ಗಾಜಿನ ಲೋಟದಲ್ಲಿ ನೀಲಿ ಚಹಾ ತಂದುಕೊಟ್ಟರು. ಶಂಖಪುಷ್ಪದ ಚಹಾವಂತೆ. ನಿಂಬೆಹಣ್ಣು ಹಿಂಡಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಂದ ಹೆಂಗಸರೆಲ್ಲ ಹಿಂಡಿ ಹಿಂಡಿ ನೋಡಿ ಹಿಗ್ಗುತ್ತಿದ್ದರೆ, ನಾನೊಬ್ಬಳು ಆ ನೀಲಿಯನ್ನು ಕಂಡದ್ದೇ ತಡ, ಶಹಾಪುರವನ್ನು ನೆನೆದು ಹಲ್ಲು ಕಡಿದೆ. ನಗಬೇಡಿ. ಹೊಟ್ಟೆಕಿಚ್ಚು ಯಾವ ಬಣ್ಣದ್ದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು.

ನನ್ನ ಅತ್ತೆ ಸುರಪುರದವರು. ಮಾವ ತೀರಿಕೊಂಡ ಮೇಲೆ ಅಲ್ಲಿಯ ಮನೆಯನ್ನು ಬಾಡಿಗೆಗೆ ಕೊಟ್ಟು, ಕೆಲವು ತಿಂಗಳು ಯಾದಗಿರಿಯ ನಮ್ಮ ಮನೆಯಲ್ಲಿ, ಕೆಲವು ತಿಂಗಳು ಶಹಾಪುರದ ಕಿರಿಯ ಮಗನ ಮನೆಯಲ್ಲಿ ಇರತೊಡಗಿದರು. ಬರುವಾಗ ಅಂಗಳದ ಶಂಖಪುಷ್ಪದ ಒಣಕಾಯಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದರು. ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ, ಅದರ ಮೇಲೊಂದು ನೀಲಿ ಹೂವು ಇಡದ ಹೊರತು ಅವರಿಗೆ ಸಮಾಧಾನವಿಲ್ಲ. ಕಾಯಿ ಬಿಡಿಸಿ ಬೀಜಗಳನ್ನು ನನಗರ್ಧ, ಶಹಾಪುರದ ನನ್ನ ನೆಗೆಣ್ಣಿ ಸುಮಂಗಲಾಳಿಗರ್ಧ ಹಂಚಿದರು.

“ಇಬ್ರೂ ಹಚ್ರಿ. ನಾ ಎಲ್ಲಿದ್ರೂ ನನಗ ಹೂವ ಸಿಗಬೇಕು,” ಎಂದರು. ಎಂದವರು ಮೊದಲು ಹೋದದ್ದು ಮಾತ್ರ ಶಹಾಪುರಕ್ಕೆ.

ಸುಮಂಗಲಾಳ ಬಗ್ಗೆ ನಿಮಗೆ ಒಂದೆರಡು ಮಾತು ಹೇಳಬೇಕು. ಒಳ್ಳೆಯ ಹುಡುಗಿ. ಅದೇ ತೊಂದರೆ. ಅವಳ ಜೋಳದ ರೊಟ್ಟಿ ನನ್ನದಕ್ಕಿಂತ ತೆಳು. ಅವಳ ಶೇಂಗಾ ಹೋಳಿಗೆ ಅಂಚಿನವರೆಗೂ ಹೂರಣ ತುಂಬಿಕೊಂಡು, ಎಲ್ಲೂ ಒಡೆಯದೆ ಬೇಯುತ್ತದೆ. ನಾನು ಮಾಡಿದರೆ ಹಂಚಿನ ಮೇಲೆಯೇ ಬಾಯಿ ಬಿಡುತ್ತದೆ. ನನ್ನ ಗಂಡ ಕೂಡ ಒಮ್ಮೆ ಅವಳ ಪುಂಡಿಪಲ್ಲೆಯನ್ನು ಹೊಗಳಿ, ಆಮೇಲೆ ಎರಡು ದಿನ ನನ್ನ ಮುಖ ನೋಡಿಕೊಂಡು ಮಾತಾಡಿದ್ದರು.

ನಾನು ಕುಂಡದ ತುಂಬ ಎರೆಮಣ್ಣು ಒತ್ತಿ, ಬೀಜ ಊರಿ, ಪ್ರೀತಿ ಹೆಚ್ಚಾಗಿ ಹೊತ್ತುಹೊತ್ತಿಗೂ ನೀರು ಹೊಯ್ದೆ. ಎರೆಮಣ್ಣು ಹಿಡಿದ ನೀರನ್ನು ಬಿಡುತ್ತದೆಯೇ? ಕೆಲವು ದಿನದ ಮೇಲೆ ಕೆದಕಿ ನೋಡಿದರೆ ಕೆಲವು ಬೀಜ ಕೊಳೆತಿದ್ದವು, ಉಳಿದವು ಊರಿದಾಗ ಹೇಗಿದ್ದವೋ ಹಾಗೇ ಕಲ್ಲಿನಂತೆ ಕೂತಿದ್ದವು. ಅಷ್ಟರಲ್ಲಿ ಅತ್ತೆಯ ಫೋನು.

“ಮೊಳಕಿ ಬಂತೇನವಾ?”

“ಬರ್ತಾವ್ರಿ ಅತ್ತಿ,” ಎಂದೆ.

ಒಂದು ವಾರ ಕಳೆದಿರಬೇಕು, ಮತ್ತೆ ಅವರದೇ ಫೋನು. “ಸುಮಾನ ಬಳ್ಳಿ ನೋಡಬೇಕ ನೀ. ಕಿಟಕಿ ದಾಟಿ ಮಾಳಿಗಿ ಏರಾಕತ್ತದ. ಹೂವ ಅಂದ್ರ ಹೂವ!” ಅವರ ದನಿಯಲ್ಲಿ ಅಂಥ ಹಿಗ್ಗನ್ನು ನಾನು ನನ್ನ ಯಾವ ಕೆಲಸಕ್ಕೂ ಕೇಳಿರಲಿಲ್ಲ. ಸಂಜೆ ಫೋಟೋ ಬಂತು. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ, ಒಂದು ಹುಳುವಾದರೂ ಕಂಡೀತೆಂದು. ಕಾಣಲಿಲ್ಲ. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಆದರೆ ಕಿಚ್ಚು ಮನುಷ್ಯರನ್ನು ಸುಮ್ಮನೆ ಕೂಡಲು ಬಿಡುವುದಿಲ್ಲ ನೋಡಿ. ಅತ್ತೆ ಕೊಟ್ಟದ್ದರಲ್ಲಿ ಡಬ್ಬಿಯ ತಳದಲ್ಲಿ ಉಳಿದಿದ್ದ ಬೀಜಗಳನ್ನು ತೆಗೆದು, ಹಿತ್ತಲ ಫರ್ಸಿಕಲ್ಲಿನ ಮೇಲೆ ಒಂದೊಂದನ್ನೇ ಸಿಪ್ಪೆ ಸವೆಯುವಷ್ಟು ತಿಕ್ಕಿದೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಈ ಸಲ ಮಣ್ಣಿಗೆ ಉಸುಕು, ಗೊಬ್ಬರ ಕೂಡಿಸಿ ಊರಿದೆ. ಒಂದು ಮುಂಜಾನೆ ಮಣ್ಣು ಬಿರಿದು ಹಸಿರು ಕೊಂಡಿಯೊಂದು ಬೆನ್ನು ಬಗ್ಗಿಸಿಕೊಂಡು ಹೊರಬಂದಿತ್ತು. ಅದನ್ನು ಕಂಡು ಮೊದಲು ನಾನು ಅಂದುಕೊಂಡದ್ದು ‘ಚೆಂದ’ ಎಂದಲ್ಲ, ‘ಈಗ ನೋಡಲಿ ಶಹಾಪುರದವಳು’ ಎಂದು. ಸುತಳಿ ಕಟ್ಟಿ ಕಿಟಕಿಯ ಸರಳಿಗೆ ಹಬ್ಬಿಸಿದೆ. ಎರಡು ತಿಂಗಳು ತುಂಬುವ ಮೊದಲೇ ಹೂವು ಬಿಟ್ಟಿತು.

ಅದೇ ಹೊತ್ತಿಗೆ ಸುಮಂಗಲಾ ಯಾದಗಿರಿಗೆ ಬಂದಳು. ಸೊಲ್ಲಾಪುರದ ಅಕ್ಕನ ಮನೆಗೆ ಹೋಗಲು ಇಲ್ಲಿ ರೈಲು ಹಿಡಿಯಬೇಕಿತ್ತು, ರೈಲು ತಡವೆಂದು ನಮ್ಮ ಮನೆಗೆ ಬಂದು ಕೂತಳು. ಚಹಾ ಕುಡಿಯುತ್ತ ಕಿಟಕಿಯ ಕಡೆ ನೋಡಿದವಳು ಎದ್ದುಹೋಗಿ ಬಳ್ಳಿಯ ಬುಡವನ್ನೇ ಬಗ್ಗಿ ನೋಡಿದಳು.

“ಅಕ್ಕಾ, ಇದು ಖರೇನೇ ಅತ್ತಿ ಕೊಟ್ಟ ಬೀಜದ್ದೇನ್ರಿ?”

“ಮತ್ತ ಯಾರದು?”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು. “ನನ್ನವು ಒಂದೂ ಹುಟ್ಟಲಿಲ್ರಿ. ಅತ್ತಿ ದಿನಾ ಬೆಳಗಾದ್ರ ‘ಯಾದಗಿರಿಯಾಕಿದು ಮೊಳಕಿ ಬಂದದಂತ, ಆಕಿ ಕೈಗುಣನೇ ಹಂಗ’ ಅಂತ ಶುರು ಮಾಡೋರು. ನನಗ ತಡಕೊಳ್ಳಾಕ ಆಗಲಿಲ್ಲ. ಅತ್ತಿ ಬಾಡಿಗಿ ಈಸಕೊಳ್ಳಾಕ ಸುರಪುರಕ್ಕ ಹೋದಾಗ ನರ್ಸರಿಯಿಂದ ಬೆಳೆದ ಬಳ್ಳಿನೇ ತಂದು ಇಟ್ಟೇನ್ರಿ. ನಿಮ್ಮ ಹೆಸರ ಕೇಳಿ ಕೇಳಿ ನನ್ನ ಹೊಟ್ಟಿ ಸುಟ್ಟು ಹೋಗ್ಯಾದ.”

ನನ್ನ ಹೆಸರು! ಅವಳ ಮನೆಯಲ್ಲಿ! ಅವಳನ್ನು ರೈಲಿಗೆ ಹತ್ತಿಸಿ ಬರುವಾಗ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅತ್ತೆಯ ಸರದಿ ನಮ್ಮ ಮನೆಗೆ ಬಂತು. ಮೊದಲ ದಿನವೇ ನನ್ನ ಹೂವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ. ನರ್ಸರಿಯ ಮಾತೆತ್ತದೆ ಬಾಯಿ ಬಿಡಿಸೋಣವೆಂದು, “ಸುಮಾನ ಬಳ್ಳಿ ಹೂವೂ ಹಿಂಗೇ ಅದಾವೇನ್ರಿ ಅತ್ತಿ?” ಎಂದು ಕೇಳಿದೆ.

“ಇಲ್ಲ. ಅವು ಎಸಳ ಮ್ಯಾಲ ಎಸಳು. ನಮ್ಮ ಸುರಪುರದ್ದು ಒಂಟಿ ಎಸಳಿಂದು.”

“ಅಂದ್ರ ನಿಮಗ ಗೊತ್ತದ?”

“ನಾ ಏನು ಕುರುಡಿ ಏನು? ಆಕಿ ಪಾಪ, ಕೈ ಹಿಡದು ಕರಕೊಂಡು ಹೋಗಿ ತೋರಿಸಿದ್ಲು. ‘ಕಣ್ಣು ಸರಿ ಕಾಣಸಂಗಿಲ್ಲ, ಆದ್ರೂ ಬಾಳ ಚೆಂದ ಅದ’ ಅಂದೆ.”

ಗೆದ್ದೆನೆಂದುಕೊಂಡಿದ್ದ ನನ್ನ ಹೊಟ್ಟೆಯಲ್ಲಿ ಮತ್ತೆ ಬೆಂಕಿ. ಅವಳಿಗಾಗಿ ಇವರು ಕುರುಡರಾಗಲೂ ಸಿದ್ಧ! ನನಗಾಗಿ ಎಂದಾದರೂ ಒಂದು ಸುಳ್ಳು ಹೇಳಿದ್ದುಂಟೇ? ಉಪ್ಪು ಹೆಚ್ಚಾದರೆ ಹೆಚ್ಚಾಯಿತೆಂದೇ ಹೇಳುವವರು. ಅಲ್ಲಿಂದ ಮುಂದೆ ಪೂಜೆಯ ಹೊತ್ತಿಗೆ ಹೂವು ತಂದಿಡುತ್ತಿದ್ದೆ, ಮುಖ ಮಾತ್ರ ಬಿಗಿದುಕೊಂಡೇ ಇದ್ದೆ. ಅವರು ಕಂಡರೂ ಕಾಣದವರಂತೆ ಶಹಾಪುರದ ಹೋಳಿಗೆಯ ಮಾತಾಡುತ್ತಿದ್ದರು.

ನಿನ್ನೆ ಅವರನ್ನು ಶಹಾಪುರಕ್ಕೆ ಬಿಡಲು ಹೋದೆ. ಸುಮಂಗಲಾ ಓಡಿಬಂದು ಅತ್ತೆಯ ಕೈ ಹಿಡಿದು ಒಳಗೆ ಕರೆದೊಯ್ದಳು. ನಾನು ಬ್ಯಾಗಿನ ನೆಪದಲ್ಲಿ ಗೇಟಿನ ಹತ್ತಿರ ಹಿಂದುಳಿದೆ. ಒಳಗಿನಿಂದ ಅತ್ತೆಯ ದನಿ ಕೇಳಿತು. “ಯಾದಗಿರಿ ಮನ್ಯಾಗ, ಸುಮಾ, ಏನ ಹೇಳಲಿ! ಒಂದು ದಿನನೂ ಹೂವ ತಪ್ಪಿಲ್ಲ. ನಾ ಕೇಳೂಕಿಂತ ಮೊದಲ ತಂದು ಇಡ್ತಾಳ ಆಕಿ...”

ಸುಳ್ಳೇಕೆ, ಅಲ್ಲೇ ನಿಂತು ಇನ್ನೊಂದಿಷ್ಟು ಕೇಳಿಸಿಕೊಂಡೆ. ಆಮೇಲೆ ಕಿಟಕಿಯಲ್ಲಿ ಸುಮಂಗಲಾಳ ಮುಖ ಕಂಡಿತು. ತುಟಿ ನಗುತ್ತಿತ್ತು, ಕೈ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿತ್ತು. ಆ ನಗು ನನಗೆ ಚೆನ್ನಾಗಿ ಗೊತ್ತು. ಫೋನು ಹಿಡಿದು ಎಷ್ಟು ಸಲ ನಾನೂ ಹಾಗೇ ನಕ್ಕಿಲ್ಲ!

ಬ್ಯಾಗು ಎತ್ತಿಕೊಂಡು ದಡದಡ ಒಳಗೆ ಹೋದೆ.

“ಸಾಕ್ರಿ ಅತ್ತಿ, ನನ್ನ ಪುರಾಣ,” ಎಂದೆ. “ಸುಮಾ, ಆ ಎಸಳ ಮ್ಯಾಲ ಎಸಳಿಂದು ನನ್ನ ಹತ್ರ ಇಲ್ಲ. ಕಾಯಿ ಒಣಗಿದ್ರ ನನಗೂ ನಾಕ ಬೀಜ ತೆಗೆದಿಡು.”

ಸುಮಂಗಲಾಳ ಕೈ ಸೆರಗನ್ನು ಬಿಟ್ಟಿತು. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ, ಯಾರ ಕೈಯನ್ನೂ ಹಿಡಿಯದೆ ಒಣಕಾಯಿ ಹುಡುಕಲು ಬಳ್ಳಿಯ ಕಡೆ ನಡೆದರು.